ಮೈಮೇಲೆ ಹುಲಿ, ಮಡಿಲಲ್ಲಿ ಬೆಕ್ಕು: ಟಾಯ್ಗರ್, ಬೆಂಗಾಲ್ ಮರಿಗಳನ್ನು ಬೆಳೆಸುವ ಸಮಗ್ರ ಮಾರ್ಗದರ್ಶಿ

ಹುಲಿಯಂತಹ ಪಟ್ಟೆಯ ಸಾಕುಬೆಕ್ಕಿನ ತಳಿಯಾದ ಟಾಯ್ಗರ್‌ನ ಮೂರು ವಾರದ ಮರಿ ಕೈ ಹತ್ತಿರ ಬಂದೊಡನೆ ಬೆನ್ನು ಕಮಾನಾಗಿಸಿ ‘ಹಿಸ್’ ಎಂದರೆ ನೋಡುವವರಿಗೆ ಖುಷಿಯೋ ಖುಷಿ. ‘ಹುಲಿ ರಕ್ತ ನೋಡಿ!’ ಎನ್ನುತ್ತ ಮೊಬೈಲ್ ತೆಗೆಯುತ್ತಾರೆ. ಆ ಮರಿ ಹೆದರಿದೆ, ಅಷ್ಟೇ. ಬೀದಿ ಬೆಕ್ಕಿನ ಮರಿಯೂ ಅದೇ ವಯಸ್ಸಿನಲ್ಲಿ ಹಾಗೆಯೇ ಮಾಡುತ್ತದೆ. ಕಾಡುಪ್ರಾಣಿಯ ರೂಪದ ಸಾಕುತಳಿಗಳಲ್ಲಿ ಹುಲಿ, ಚಿರತೆಗಳೆಲ್ಲ ತುಪ್ಪಳದ ಮಟ್ಟಿಗೆ. ಬಣ್ಣವನ್ನೂ ಪಟ್ಟೆಯನ್ನೂ ಮರಿ ಹೆತ್ತವರಿಂದ ಪಡೆದೇ ಬರುತ್ತದೆ. ಮನುಷ್ಯರ ಮೇಲಿನ ನಂಬಿಕೆಯನ್ನು ಬಹುಮಟ್ಟಿಗೆ ನಾವು ಕೈಯಾರೆ ಕೊಡಬೇಕು, ಅದೂ ಎರಡನೇ ವಾರದಿಂದ ಏಳನೇ ವಾರದೊಳಗೆ. ಮುಂದೆ ಹೇಳುವ ಹಂತಗಳಲ್ಲಿ ಬೇರೆ ಯಾವುದನ್ನು ಓದದಿದ್ದರೂ ಐದನೆಯದನ್ನು ಓದಿ.

ಹಂತ 1: ತಳಿಯ ಹಿನ್ನೆಲೆ ತಿಳಿಯಿರಿ

ಕಾಡುಬೆಕ್ಕಿನಂತೆ ಕಾಣುವ ತಳಿಗಳೆಲ್ಲ ಒಂದೇ ದಾರಿಯಲ್ಲಿ ಬಂದವಲ್ಲ. 1964ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವರ್ಜೀನಿಯಾ ಡೇಲಿ ಅವರ ಬಳಿ ಆಕಸ್ಮಿಕವಾಗಿ ಹುಟ್ಟಿದ ಚುಕ್ಕೆಯ ಓಸಿಕ್ಯಾಟ್‌ನಲ್ಲಿ ಕಾಡಿನ ರಕ್ತ ಒಂದು ಹನಿಯೂ ಇಲ್ಲ. ಅದು ಸಯಾಮೀಸ್ ಮತ್ತು ಅಬಿಸೀನಿಯನ್ ಬೆಕ್ಕುಗಳ ಸಂತಾನ. ಬೆಂಗಾಲ್ ತಳಿಯ ಮೂಲದಲ್ಲಿ ಏಷ್ಯಾದ ಚಿರತೆ ಬೆಕ್ಕು ಎಂಬ ಕಾಡುಬೆಕ್ಕು ಇದೆ. ಕ್ಯಾಲಿಫೋರ್ನಿಯಾದ ಜೀನ್ ಮಿಲ್ ಆ ತಳಿಯನ್ನು ಕಟ್ಟಿ ನಿಲ್ಲಿಸಿದವರು. ಸವಾನಾ ತಳಿಯ ಮೊದಲ ಮರಿ 1986ರಲ್ಲಿ ಹುಟ್ಟಿತು. ಅದರ ತಂದೆ ಆಫ್ರಿಕಾದ ಉದ್ದಕಾಲಿನ ಕಾಡುಬೆಕ್ಕು ಸರ್ವಲ್.

ಟಾಯ್ಗರ್ ಇವೆಲ್ಲಕ್ಕಿಂತ ಈಚಿನದು. ಜೀನ್ ಮಿಲ್ ಅವರ ಮಗಳು ಜೂಡಿ ಸಗ್ಡನ್ 1980ರ ದಶಕದಲ್ಲಿ ಬೆಂಗಾಲ್ ಮತ್ತು ಪಟ್ಟೆಯ ಸಾಕುಬೆಕ್ಕುಗಳನ್ನು ಕೂಡಿಸಿ ಅದರ ಕೆಲಸ ಆರಂಭಿಸಿದರು. ಸಾಮಾನ್ಯ ಪಟ್ಟೆಬೆಕ್ಕಿನ ತಲೆಯ ಮೇಲೆ ಗೆರೆಗಳು ಹಣೆಯಿಂದ ಹಿಂದಕ್ಕೆ ನೇರವಾಗಿ ಓಡುತ್ತವೆ; ಹುಲಿಯ ಮುಖದಲ್ಲಾದರೋ ಗುರುತುಗಳು ಮುಖವನ್ನು ಬಳಸಿ ಸುತ್ತುತ್ತವೆ. ಸಗ್ಡನ್ ಅವರಿಗೆ ಬೇಕಿದ್ದದ್ದು ಆ ಸುತ್ತು. ಅದಕ್ಕಾಗಿ ಅವರು ತರಿಸಿಕೊಂಡ ಮೂಲ ಬೆಕ್ಕುಗಳಲ್ಲಿ ಒಂದು ಕಾಶ್ಮೀರದ ಬೀದಿಯದು, ಹೆಸರು ಜಮ್ಮು ಬ್ಲೂ. ಅದರ ಎರಡು ಕಿವಿಗಳ ನಡುವೆ ಗೆರೆಗಳ ಬದಲು ಚುಕ್ಕೆಗಳಿದ್ದವು. ಅಂತರರಾಷ್ಟ್ರೀಯ ಬೆಕ್ಕು ಸಂಘವಾದ ‘ಟಿಕಾ’ ಟಾಯ್ಗರ್ ತಳಿಯನ್ನು 1993ರಲ್ಲಿ ನೋಂದಣಿಗೆ ಒಪ್ಪಿಕೊಂಡು, 2007ರಲ್ಲಿ ಚಾಂಪಿಯನ್‌ಶಿಪ್ ಸ್ಪರ್ಧೆಗೆ ಸೇರಿಸಿತು. ಹುಲಿಗೂ ಈ ಬೆಕ್ಕಿಗೂ ನೇರ ರಕ್ತಸಂಬಂಧ ಇಲ್ಲವೇ ಇಲ್ಲ.

ಕಾಡುಬೆಕ್ಕಿನ ಮಿಶ್ರಣವಿರುವ ತಳಿಗಳಲ್ಲಿ ಎಷ್ಟನೇ ತಲೆಮಾರು ಎಂಬುದನ್ನು ಕೇಳಲೇಬೇಕು. ಕಾಡುಬೆಕ್ಕಿಗೆ ನೇರವಾಗಿ ಹುಟ್ಟಿದ ಮರಿ ಎಫ್1, ಅದರ ಮರಿ ಎಫ್2, ಹೀಗೆ ಲೆಕ್ಕ. ಬೆಂಗಾಲ್‌ನಲ್ಲಿ ನಾಲ್ಕನೇ ತಲೆಮಾರಿನಿಂದ ಮುಂದಿನವನ್ನು ಸಾಕುಬೆಕ್ಕು ಎಂದೇ ಪರಿಗಣಿಸುತ್ತಾರೆ. ಮೊದಲ ತಲೆಮಾರುಗಳ ಗಂಡುಗಳು ಸಾಮಾನ್ಯವಾಗಿ ಬಂಜೆ. ಎಫ್1 ಮರಿಯನ್ನು ಮನೆಯಲ್ಲಿ ಸಾಕುವುದನ್ನು ನಾನು ಒಪ್ಪುವುದಿಲ್ಲ: ದೊಡ್ಡದಾದ ಮೇಲೆ ಸಿಕ್ಕಸಿಕ್ಕಲ್ಲಿ ಮೂತ್ರ ಸಿಂಪಡಿಸುವ, ಅಪರಿಚಿತರನ್ನು ಕಂಡರೆ ಗೂಡು ಸೇರುವ ಪ್ರಾಣಿಯನ್ನು ನಂತರ ಯಾರೂ ತೆಗೆದುಕೊಳ್ಳುವುದಿಲ್ಲ. ಹಲವು ದೇಶಗಳಲ್ಲಿ, ರಾಜ್ಯಗಳಲ್ಲಿ ಇಂತಹವುಗಳಿಗೆ ನಿಷೇಧ ಅಥವಾ ಪರವಾನಗಿಯ ಕಟ್ಟಳೆಯೂ ಇದೆ. ಹಣ ಕೊಡುವ ಮೊದಲು ಕಾನೂನು ನೋಡಿಕೊಳ್ಳಿ.

ಹಂತ 2: ಮರಿಗಿಂತ ಮೊದಲು ತಂದೆತಾಯಿಯನ್ನು ಪರೀಕ್ಷಿಸಿ

ಹೊಸ ತಳಿ ಎಂದರೆ ಕೆಲವೇ ಬೆಕ್ಕುಗಳಿಂದ ಬೆಳೆದ ವಂಶ. ಚಂದದ ಪಟ್ಟೆಯ ಜೊತೆಗೆ ಅದೇ ಪೂರ್ವಜರ ದೋಷವೂ ಹರಿದು ಬರುತ್ತದೆ. ಬೆಂಗಾಲ್ ರಕ್ತವಿರುವ ಬೆಕ್ಕುಗಳಿಗೆ ಎರಡು ವಂಶವಾಹಿ ಪರೀಕ್ಷೆಗಳು ಕಡ್ಡಾಯವೆಂದೇ ತಿಳಿಯಿರಿ. ಒಂದು, ಕೆಂಪು ರಕ್ತಕಣಗಳು ಬೇಗ ನಾಶವಾಗಿ ರಕ್ತಹೀನತೆ ತರುವ ಪೈರುವೇಟ್ ಕೈನೇಸ್ ಕೊರತೆ. ಇನ್ನೊಂದು, ಕಣ್ಣಿನ ಅಕ್ಷಿಪಟಲ ಕ್ರಮೇಣ ಕ್ಷೀಣಿಸಿ ಕುರುಡಾಗುವ ಪಿಆರ್‌ಎ. ಎರಡೂ ಹಿಂಜರಿವ ದೋಷಗಳು. ದೋಷದ ಒಂದೇ ಪ್ರತಿ ಇರುವ ಬೆಕ್ಕು ಆರೋಗ್ಯವಾಗಿಯೇ ಇರುತ್ತದೆ. ಅಂತಹ ಎರಡನ್ನು ಕೂಡಿಸಿದಾಗ ಕೆಲವು ಮರಿಗಳಿಗೆ ಕಾಯಿಲೆ ಬರಬಹುದು. ಕೆನ್ನೆ ಒರೆಸಿದ ಹತ್ತಿಕಡ್ಡಿಯೊಂದೇ ಪ್ರಯೋಗಾಲಯಕ್ಕೆ ಸಾಕು.

ಹೃದಯದ ಸ್ನಾಯು ದಪ್ಪಗಾಗುವ ಎಚ್‌ಸಿಎಂ ಕಾಯಿಲೆಗೆ ಈ ತಳಿಗಳಲ್ಲಿ ನಂಬಬಹುದಾದ ವಂಶವಾಹಿ ಪರೀಕ್ಷೆ ಇಲ್ಲ. ಎಕೋ ಸ್ಕ್ಯಾನ್ ಒಂದೇ ದಾರಿ, ಅದನ್ನೂ ಮತ್ತೆಮತ್ತೆ ಮಾಡಿಸಬೇಕು. ಎರಡನೇ ವಯಸ್ಸಿನಲ್ಲಿ ಹೃದಯ ಸರಿಯಾಗಿದ್ದ ಬೆಕ್ಕಿಗೆ ಐದರಲ್ಲಿ ಕಾಯಿಲೆ ಕಾಣಿಸಿಕೊಳ್ಳಬಹುದು. ‘ನಮ್ಮ ಬೆಕ್ಕುಗಳಿಗೆ ಹೃದಯದ ತೊಂದರೆಯೇ ಇಲ್ಲ’ ಎನ್ನುವವರ ಬಳಿ ವರದಿಯ ದಿನಾಂಕ ಕೇಳಿ.

ರಕ್ತದ ಗುಂಪನ್ನು ಬಹಳ ಜನ ಮರೆಯುತ್ತಾರೆ. ಹೊಸ ತಳಿ ಕಟ್ಟುವಾಗ ಹೊರಗಿನ ಬೆಕ್ಕುಗಳನ್ನು ಸೇರಿಸುವುದರಿಂದ ಇದು ಇನ್ನೂ ಮುಖ್ಯ. ತಾಯಿ ಬಿ ಗುಂಪಿನದಾಗಿದ್ದು ತಂದೆ ಎ ಗುಂಪಿನವನಾದರೆ ಮರಿಗಳಲ್ಲಿ ಎ ಗುಂಪಿನವು ಸಾಮಾನ್ಯವಾಗಿ ಇರುತ್ತವೆ. ತಾಯಿಯ ಮೊದಲ ಹಾಲಿನಲ್ಲಿರುವ ಪ್ರತಿಕಾಯಗಳು ಆ ಮರಿಗಳ ರಕ್ತಕಣಗಳನ್ನೇ ಒಡೆಯುತ್ತವೆ. ಚೆನ್ನಾಗಿ ಹುಟ್ಟಿ, ಚೆನ್ನಾಗಿ ಹಾಲು ಕುಡಿದ ಮರಿ ಒಂದೆರಡು ದಿನದಲ್ಲಿ ಕುಗ್ಗುತ್ತದೆ, ಮೂತ್ರ ಕೆಂಪುಕಂದಾಗುತ್ತದೆ, ಬದುಕಿ ಉಳಿದವುಗಳಲ್ಲಿ ಕೆಲವದರ ಬಾಲದ ತುದಿ ಕಪ್ಪಾಗಿ ಒಣಗಿ ಉದುರುತ್ತದೆ. ಗುಂಪು ಮೊದಲೇ ಗೊತ್ತಿದ್ದರೆ ಇಂತಹ ಜೋಡಿಯನ್ನೇ ತಪ್ಪಿಸಬಹುದು. ಜೋಡಿ ಆಗಿಹೋಗಿದ್ದರೆ ಮೊದಲ ದಿನ ಮರಿಗಳನ್ನು ತಾಯಿಯ ಮೊಲೆಯಿಂದ ದೂರವಿಟ್ಟು ಮರಿಹಾಲಿನ ಪುಡಿ ಕುಡಿಸಬೇಕು. ಎಷ್ಟು ಹೊತ್ತು, ಹೇಗೆ ಎಂಬುದನ್ನು ಪಶುವೈದ್ಯರ ಜೊತೆ ಹೆರಿಗೆಗೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಇನ್ನು ಗಂಡಿನ ಸ್ವಭಾವ. ಮರಿಗಳು ತಂದೆಯ ಮುಖವನ್ನೇ ನೋಡದಿದ್ದರೂ ಧೈರ್ಯವಂತ, ಸ್ನೇಹಶೀಲ ಗಂಡಿನ ಮರಿಗಳು ಹೊಸತಕ್ಕೆ ಬೇಗ ಒಗ್ಗಿಕೊಳ್ಳುತ್ತವೆ ಎಂಬುದನ್ನು ಬೆಕ್ಕಿನ ವರ್ತನೆಯ ಅಧ್ಯಯನಗಳು ತೋರಿಸಿವೆ. ಪಂಜರದ ಮೂಲೆ ಸೇರಿ ಗುರುಗುಟ್ಟುವ ಗಂಡಿನ ಪಟ್ಟೆ ಎಷ್ಟೇ ಅಪರೂಪದ್ದಾಗಿರಲಿ, ನಾನಾದರೆ ಬೇಡವೆನ್ನುತ್ತೇನೆ.

ಹಂತ 3: ಹೆರಿಗೆಯ ತಯಾರಿ ಮತ್ತು ಮೊದಲ ದಿನ

ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 67 ದಿನ. ಎರಡು ವಾರ ಮೊದಲೇ ಹೆರಿಗೆ ಪೆಟ್ಟಿಗೆಯನ್ನು ಗದ್ದಲವಿಲ್ಲದ ಕೋಣೆಯಲ್ಲಿಟ್ಟು ತಾಯಿಗೆ ಅಭ್ಯಾಸ ಮಾಡಿಸಿ. ತಾಯಿ ಕಾಲುಚಾಚಿ ಮಲಗುವಷ್ಟು ಅಗಲ, ಮರಿ ಹೊರಗೆ ಉರುಳದಷ್ಟು ಎತ್ತರದ ಹೊಸ್ತಿಲು, ತೆಗೆದು ಒಗೆಯಬಹುದಾದ ಬಟ್ಟೆ ಇದ್ದರೆ ಆಯಿತು. ಎಳೆ ಹೊರಬಂದ ಟವೆಲ್ ಬೇಡ. ಮರಿಯ ಕಾಲಿಗೆ ದಾರ ಸುತ್ತಿಕೊಳ್ಳುತ್ತದೆ.

ಹೆಚ್ಚಿನ ತಾಯಂದಿರು ಎಲ್ಲವನ್ನೂ ತಾವೇ ನಿಭಾಯಿಸುತ್ತವೆ. ಮರಿ ಹಿಂಗಾಲು ಮುಂದಾಗಿ ಬಂದರೂ ಗಾಬರಿ ಬೇಡ, ಬೆಕ್ಕುಗಳಲ್ಲಿ ಅದು ಸಹಜ. ಆದರೆ ತಾಯಿ ಇಪ್ಪತ್ತು ಮೂವತ್ತು ನಿಮಿಷ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು. ಒಂದೊಂದು ಮರಿಗೆ ಒಂದೊಂದು ಮಾಸು ಬಿತ್ತೇ ಎಂದು ಎಣಿಸಿ. ತಾಯಿ ಪೊರೆ ಹರಿಯದಿದ್ದರೆ ನೀವೇ ಮೂಗಿನ ಕಡೆಯಿಂದ ಹರಿದು, ಒಣಬಟ್ಟೆಯಲ್ಲಿ ಬೆನ್ನನ್ನು ಚೆನ್ನಾಗಿ ಉಜ್ಜಿ. ಮರಿ ಕೀರಲು ದನಿ ತೆಗೆಯುವವರೆಗೂ ಉಜ್ಜುತ್ತಿರಿ.

ಗಿಣ್ಣುಹಾಲಿನ ವಿಷಯದಲ್ಲಿ ಗಡಿಯಾರ ನೋಡಿ. ಮರಿಯ ಕರುಳು ಪ್ರತಿಕಾಯಗಳನ್ನು ಹೀರಿಕೊಳ್ಳುವುದು ಮೊದಲ ದಿನದೊಳಗೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ರಕ್ತದ ಗುಂಪಿನ ತೊಡಕಿಲ್ಲದಿದ್ದರೆ ಎಲ್ಲ ಮರಿಗಳೂ ಮೊಲೆ ಹಿಡಿದಿವೆಯೇ ಎಂದು ನೋಡಿ, ಬಡಕಲು ಮರಿಯನ್ನು ಹಿಂದಿನ ಮೊಲೆಗೆ ಹಚ್ಚಿ.

ಮೊದಲ ದಿನವೇ ಪ್ರತಿ ಮರಿಯ ಬಲಮಗ್ಗುಲು, ಎಡಮಗ್ಗುಲು, ನೆತ್ತಿಯ ಫೋಟೊ ತೆಗೆದಿಡಿ. ಮಗ್ಗುಲ ಪಟ್ಟೆ ಎರಡು ಮರಿಗಳಲ್ಲಿ ಒಂದೇ ತರಹ ಇರುವುದಿಲ್ಲವಾದ್ದರಿಂದ ಗುರುತಿಗೆ ಕೊರಳಿಗೆ ದಾರ ಕಟ್ಟುವ ಅಪಾಯ ತಪ್ಪುತ್ತದೆ. ಇನ್ನೊಂದು ಕಾರಣ ಆರನೇ ಹಂತದಲ್ಲಿ ತಿಳಿಯುತ್ತದೆ.

ಹಂತ 4: ಮೊದಲ ಎರಡು ವಾರ: ಬಿಸಿ, ತೂಕ, ಎದೆಗೂಡು

ನವಜಾತ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಗೂಡಿನ ಶಾಖ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ; ನಂತರ ವಾರವಾರಕ್ಕೆ ಸ್ವಲ್ಪ ಇಳಿಸಿ. ಹೀಟಿಂಗ್ ಪ್ಯಾಡ್ ಪೆಟ್ಟಿಗೆಯ ಅರ್ಧಭಾಗಕ್ಕಷ್ಟೇ ಇರಬೇಕು, ಸೆಕೆಯಾದರೆ ಮರಿ ಆಚೆ ತೆವಳಲು ಜಾಗ ಬೇಕಲ್ಲ. ತಣ್ಣಗಾದ ಮರಿಗೆ ಮಾತ್ರ ಎಂದಿಗೂ ಹಾಲು ಕುಡಿಸಬೇಡಿ. ಮೈ ತಣಿದಾಗ ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಹೊಟ್ಟೆಯಲ್ಲೇ ಕೆಡುತ್ತದೆ. ಮೊದಲು ನಿಧಾನವಾಗಿ ಬಿಸಿಗೆ ತನ್ನಿ, ಆಮೇಲೆ ಹಾಲು.

ಒಂದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿ ಈ ಹಂತದಲ್ಲಿ ಬಲು ಉಪಯುಕ್ತ ಸಾಧನ. ಹುಟ್ಟುವಾಗ ಮರಿ ಸುಮಾರು 90ರಿಂದ 110 ಗ್ರಾಂ ತೂಗುತ್ತದೆ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊದಲ ದಿನ ಕೊಂಚ ಇಳಿದರೆ ಪರವಾಗಿಲ್ಲ. ನಂತರ ಒಂದು ದಿನ ತೂಕ ನಿಂತರೂ ಅನುಮಾನಿಸಿ, ಇಳಿದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಮರಿ ಚುರುಕಾಗಿದೆ ಎಂದು ಕಣ್ಣು ಹೇಳುತ್ತಿರುವಾಗಲೇ ತಕ್ಕಡಿ ಬೇರೆ ಸುದ್ದಿ ಕೊಡುತ್ತಿರುತ್ತದೆ.

ತೂಗಲು ಎತ್ತಿಕೊಂಡಾಗಲೇ ಎದೆಯನ್ನೂ ಮುಟ್ಟಿ ನೋಡಿ. ಹೆಬ್ಬೆರಳು, ತೋರುಬೆರಳ ನಡುವೆ ಮುಂಗಾಲುಗಳ ಹಿಂದಿನ ಭಾಗ ಹಿಡಿದರೆ ಪಕ್ಕೆಲುಬುಗಳು ದುಂಡಗೆ ಸಿಗಬೇಕು. ಕೆಳಭಾಗ ಚಪ್ಪಟೆಯಾಗಿ, ಎರಡೂ ಬದಿಗೆ ಅಂಚು ಬಂದಂತೆ ತೋರಿದರೆ ಅದು ಚಪ್ಪಟೆ ಎದೆಯ ದೋಷ. ಬೆಂಗಾಲ್ ವಂಶದ ಮರಿಗಳಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಸೌಮ್ಯವಾಗಿದ್ದರೆ ಬೆಳೆಯುತ್ತ ಸರಿಹೋಗುತ್ತದೆ. ತೀವ್ರವಾಗಿದ್ದರೆ ಮರಿ ಬಾಯಿ ತೆರೆದು ಉಸಿರಾಡುತ್ತದೆ, ತೂಕ ಏರುವುದಿಲ್ಲ. ಮೊದಲ ಮೂರು ವಾರ ದಿನವೂ ಪರೀಕ್ಷಿಸಿ.

ತಾಯಿಗೆ ಹಾಲು ಸಾಲದಿದ್ದರೆ ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿ ಬಳಸಿ. ಹಸುವಿನ ಹಾಲು ಬೇಡ, ಭೇದಿ ಕಟ್ಟಿಟ್ಟ ಬುತ್ತಿ. ಹಾಲು ಸುಮಾರು 38 ಡಿಗ್ರಿ ಬೆಚ್ಚಗಿರಲಿ. ಮರಿಯ ಹೊಟ್ಟೆ ಬಲು ಚಿಕ್ಕದು, 100 ಗ್ರಾಂ ತೂಕಕ್ಕೆ ಸುಮಾರು 4 ಮಿಲಿಲೀಟರ್ ಹಿಡಿಸುತ್ತದೆ. ಆದ್ದರಿಂದ ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಕೂಸಿಗೆ ಕುಡಿಸುವಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿಯಿರಿ. ಕುಡಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಗುದದ ಸುತ್ತ ಮೆಲ್ಲಗೆ ಒರೆಸಿದರಷ್ಟೇ ಅದು ಮಲಮೂತ್ರ ಮಾಡುತ್ತದೆ. ತಾಯಿ ನೆಕ್ಕುವುದು ಇದೇ ಕೆಲಸಕ್ಕೆ.

ಹಂತ 5: ಎರಡರಿಂದ ಏಳನೇ ವಾರ: ಕೈಗೆ ಒಗ್ಗಿಸುವ ಕಾಲ

ಒಂದರಿಂದ ಎರಡನೇ ವಾರದೊಳಗೆ ಕಣ್ಣು ತೆರೆಯುತ್ತದೆ, ಕಿವಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಲ್ಲಿಂದ ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲವೂ ‘ನಮ್ಮದು’ ಎಂಬ ಪಟ್ಟಿಗೆ ಸೇರತೊಡಗುತ್ತದೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಷ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ಕಿಟಕಿ ಎರಡರಿಂದ ಏಳನೇ ವಾರದವರೆಗೆ ತೆರೆದಿರುತ್ತದೆ ಎಂದು ತೋರಿಸಿದವು. ದಿನಕ್ಕೆ 15 ನಿಮಿಷ ಎತ್ತಿ ಆಡಿಸಿದ ಮರಿಗಳಿಗಿಂತ 40 ನಿಮಿಷ ಆಡಿಸಿದವು ಮನುಷ್ಯರಿಗೆ ಹೆಚ್ಚು ಹತ್ತಿರವಾದವು. ಏಳನೇ ವಾರದ ನಂತರ ಪ್ರಯತ್ನಿಸಿದರೆ ಏನೂ ಆಗುವುದಿಲ್ಲವೆಂದಲ್ಲ. ಆದರೆ ಎರಡರಷ್ಟು ದುಡಿದರೂ ಅರ್ಧದಷ್ಟು ಫಲ ಸಿಕ್ಕರೆ ಪುಣ್ಯ.

ಎಂತಹ ಪಟ್ಟೆಯ ಮರಿಯಾದರೂ ಕ್ರಮ ಒಂದೇ. ಎರಡನೇ ವಾರದಲ್ಲಿ ದಿನಕ್ಕೆ ನಾಲ್ಕೈದು ಬಾರಿ, ಪ್ರತಿ ಸಲ ಕೆಲವೇ ನಿಮಿಷ ಎತ್ತಿಕೊಳ್ಳಿ. ಒಂದು ಅಂಗೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಬೇಕು. ನಾಲ್ಕು ಕಾಲಿಗೂ ಆಸರೆ ಸಿಕ್ಕರೆ ಮರಿ ಉಗುರು ಚಾಚುವುದಿಲ್ಲ. ತಾಯಿ ಎದ್ದು ಊಟಕ್ಕೆ ಹೋದ ಹೊತ್ತು ಒಳ್ಳೆಯದು, ಆದರೆ ತಾಯಿ ನಿಮ್ಮನ್ನು ನಂಬಿದ್ದರೆ ಅವಳೆದುರಿನಲ್ಲೇ ಆಡಿಸುವುದು ಇನ್ನೂ ಒಳ್ಳೆಯದು. ಅವಳು ನಿರಾಳವಾಗಿ ಮಲಗಿರುವುದನ್ನು ಮರಿ ಗಮನಿಸುತ್ತದೆ.

ಹಿಸ್ ಎನ್ನುವ ಮರಿ ಸಿಕ್ಕಿತೆನ್ನಿ. ಕೈಯನ್ನು ಮೇಲಿನಿಂದ ಇಳಿಸಬೇಡಿ; ಮರಿಯ ಕಣ್ಣಿಗೆ ಅದು ಎರಗುವ ಹದ್ದು. ಅಂಗೈಯನ್ನು ನೆಲಕ್ಕಂಟಿಸಿ ಗೂಡಿನಲ್ಲಿಟ್ಟು ಸುಮ್ಮನಿರಿ. ಮರಿಯ ಕಿವಿಗಳು ಮೊದಲು ತಲೆಗೆ ಅಂಟಿಕೊಂಡಿರುತ್ತವೆ. ಒಂದೆರಡು ನಿಮಿಷದಲ್ಲಿ ಒಂದು ಕಿವಿ ಮುಂದಕ್ಕೆ ಬರುತ್ತದೆ, ಆಮೇಲೆ ಕುತ್ತಿಗೆ ಉದ್ದವಾಗುತ್ತದೆ, ಮೂಗು ಬೆರಳ ತುದಿಗೆ ತಾಗುತ್ತದೆ. ಆಗಲೂ ಹಿಡಿಯಬೇಡಿ. ತೋರುಬೆರಳನ್ನಷ್ಟೇ ಎತ್ತಿ ಗಲ್ಲದ ಕೆಳಗೆ ಸವರಿ. ಮರಿ ಹಿಂದೆ ಸರಿದರೆ ಬೆರಳೂ ಹಿಂದೆ ಬರಲಿ. ತಾನು ಬೇಡವೆಂದರೆ ಈ ಕೈ ನಿಲ್ಲುತ್ತದೆ ಎಂದು ತಿಳಿದ ಮರಿಗೆ ಹಿಸ್ ಎನ್ನುವ ಅಗತ್ಯವೇ ಬೀಳುವುದಿಲ್ಲ. ಹೆದರಿದ ಮರಿಯನ್ನು ಕೆಣಕಿ ವಿಡಿಯೊ ಮಾಡುವವರು ಇದಕ್ಕೆ ತದ್ವಿರುದ್ಧ ಪಾಠ ಹೇಳಿಕೊಡುತ್ತಿರುತ್ತಾರೆ: ಹಿಸ್ ಎಂದರೆ ಮನುಷ್ಯರು ನಗುತ್ತಾರೆ, ಬಿಡುವುದಿಲ್ಲ, ಆದ್ದರಿಂದ ಕಚ್ಚು.

ನಾಲ್ಕನೇ ವಾರದಿಂದ ಜನರ ವೈವಿಧ್ಯ ಹೆಚ್ಚಿಸಿ. ಒಬ್ಬರೇ ಸಾಕಿದ ಮರಿ ಆ ಒಬ್ಬರನ್ನಷ್ಟೇ ನಂಬುತ್ತದೆ. ಗಂಡಸರು, ಹೆಂಗಸರು, ಕನ್ನಡಕದವರು, ಗಡ್ಡದವರು, ಮೆಲ್ಲಗೆ ಕೂರಬಲ್ಲ ಮಕ್ಕಳು, ಹೀಗೆ ಕನಿಷ್ಠ ನಾಲ್ಕೈದು ಬಗೆಯ ಮನುಷ್ಯರ ಮಡಿಲು ಅದಕ್ಕೆ ಸಿಗಲಿ. ಬಂದವರು ಕೈ ತೊಳೆದು, ನೆಲದ ಮೇಲೆ ಕೂರಲಿ. ಇದೇ ಹೊತ್ತಿಗೆ ಸದ್ದುಗಳನ್ನೂ ಪರಿಚಯಿಸಿ: ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ಕರೆಗಂಟೆ, ಬಿದ್ದ ಪಾತ್ರೆ. ಮೊದಲು ಪಕ್ಕದ ಕೋಣೆಯಲ್ಲಿ, ಊಟ ಮಾಡುತ್ತಿರುವಾಗ. ಮರಿ ತಲೆಯೆತ್ತಿ ನೋಡಿ ಮತ್ತೆ ತಿನ್ನತೊಡಗಿದರೆ ಸದ್ದು ಒಂದು ಹೆಜ್ಜೆ ಹತ್ತಿರ ಬರಬಹುದು. ತಿನ್ನುವುದನ್ನು ಬಿಟ್ಟು ಓಡಿದರೆ ಅವಸರವಾಯಿತೆಂದು ಅರ್ಥ.

ಪಂಜ ಒತ್ತಿ ಉಗುರು ಹೊರತೆಗೆಯುವುದು, ತುಟಿ ಎತ್ತಿ ಹಲ್ಲು ನೋಡುವುದು, ಕಿವಿಯೊಳಗೆ ಇಣುಕುವುದು, ಹೊಟ್ಟೆ ಮುಟ್ಟುವುದು ದಿನಚರಿಯಾಗಲಿ. ಮುಂದೆ ಪಶುವೈದ್ಯರ ಮೇಜಿನ ಮೇಲೆ ಇದರ ಬೆಲೆ ತಿಳಿಯುತ್ತದೆ. ಒಯ್ಯುವ ಪೆಟ್ಟಿಗೆಯ ಬಾಗಿಲು ಕಿತ್ತು ಆಟದ ಜಾಗದಲ್ಲೇ ಇಟ್ಟರೆ ಮರಿಗಳು ಅದರಲ್ಲೇ ನಿದ್ದೆ ಮಾಡುತ್ತವೆ. ಪ್ರಯಾಣದ ಗೋಳಿನಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಹಂತ 6: ಪಟ್ಟೆ ಮಂಕಾದರೆ ಎದೆಗೆಡಬೇಡಿ

ಹುಟ್ಟಿದ ದಿನ ಎದ್ದುಕಾಣುತ್ತಿದ್ದ ಪಟ್ಟೆ, ಚುಕ್ಕೆಗಳು ಮೂರು ನಾಲ್ಕನೇ ವಾರದ ಹೊತ್ತಿಗೆ ಬೂದಿ ಬಳಿದಂತೆ ಮಸುಕಾಗುತ್ತವೆ. ಮೈತುಂಬ ಉದ್ದದ ತೆಳು ಕೂದಲು ಎದ್ದು, ವಿನ್ಯಾಸವನ್ನು ಮರೆಮಾಡುತ್ತದೆ. ಬೆಂಗಾಲ್ ವಂಶದ ಮರಿಗಳಲ್ಲಿ ಇದು ಮಾಮೂಲು. ಕಾಡಿನಲ್ಲಿ ಗೂಡು ಬಿಟ್ಟು ಹೊರಬರುವ ಮರಿಗೆ ಮರೆಯಾಗಿರಲು ನೆರವಾಗುವ ಗುಣದ ಉಳಿಕೆ ಎಂದು ತಳಿಗಾರರು ವಿವರಿಸುತ್ತಾರೆ. ಹನ್ನೆರಡನೇ ವಾರದಿಂದ ತಿಳಿಯಾಗತೊಡಗಿ ಕೆಲವು ತಿಂಗಳಲ್ಲಿ ಮತ್ತೆ ಹೊಳಪು ಬರುತ್ತದೆ. ಈ ನಡುವೆ ಎಣ್ಣೆ, ಪೂರಕ ಔಷಧ, ಶಾಂಪೂ ಎಂದು ಹಣ ಸುರಿಯುವುದು ವ್ಯರ್ಥ. ಮೊದಲ ದಿನದ ಫೋಟೊಗಳನ್ನು ತೆಗೆದು ನೋಡಿ, ಬರಲಿರುವುದು ಬಹುಮಟ್ಟಿಗೆ ಅದೇ.

ಪಟ್ಟೆಯ ಗುಟ್ಟು ಅಷ್ಟೇನೂ ನಿಗೂಢವಲ್ಲ. ನೇರ ಪಟ್ಟೆಯೋ ಸುರುಳಿ ಪಟ್ಟೆಯೋ ಎಂಬುದನ್ನು ಟಾಕ್‌ಪೆಪ್ ಎಂಬ ವಂಶವಾಹಿ ನಿರ್ಧರಿಸುತ್ತದೆಂದು 2012ರಲ್ಲಿ ತಿಳಿದುಬಂತು. ಸಾಮಾನ್ಯ ಚೀತಾದ ಚುಕ್ಕೆಗಳನ್ನು ದಪ್ಪ ಗೆರೆಗಳಾಗಿಸುವ ‘ರಾಜ ಚೀತಾ’ ರೂಪಕ್ಕೂ ಅದೇ ವಂಶವಾಹಿಯ ಬದಲಾವಣೆ ಕಾರಣ. ಟಾಯ್ಗರ್‌ನಲ್ಲಿ ನೇರ ಪಟ್ಟೆಗಳು ಅಲ್ಲಲ್ಲಿ ಕವಲೊಡೆದು ಹೆಣೆದುಕೊಳ್ಳುವಂತೆ ತಲೆಮಾರುಗಳಿಂದ ಆರಿಸುತ್ತ ಬಂದಿದ್ದಾರೆ. ಆದರೂ ಒಂದೇ ಸೂಲಿನಲ್ಲಿ ಎದ್ದುಕಾಣುವ ಪಟ್ಟೆಯ ಮರಿಯೂ ತೀರಾ ಸಾದಾ ಮರಿಯೂ ಹುಟ್ಟುವುದುಂಟು.

ಹಂತ 7: ಹಾಲು ಬಿಡಿಸುವುದು, ಊಟ, ಲಿಟರ್

ಮೂರೂವರೆ ನಾಲ್ಕು ವಾರದ ಹೊತ್ತಿಗೆ ಮುಂದಿನ ಹಾಲುಹಲ್ಲುಗಳು ಮೂಡಿರುತ್ತವೆ. ಆಗ ಮರಿಗಳಿಗೆಂದಿರುವ ಒದ್ದೆ ಆಹಾರವನ್ನು ಮರಿಹಾಲಿನಲ್ಲಿ ಗಂಜಿಯಷ್ಟು ತೆಳ್ಳಗೆ ಕಲಸಿ ಚಪ್ಪಟೆ ತಟ್ಟೆಯಲ್ಲಿಡಿ. ಮೊದಲ ದಿನ ಅದರೊಳಗೆ ನಡೆದಾಡುತ್ತವೆ, ಎರಡನೇ ದಿನ ಪಾದ ನೆಕ್ಕುತ್ತವೆ, ಆಮೇಲೆ ತಿನ್ನುತ್ತವೆ. ಎಂಟನೇ ವಾರದ ಹೊತ್ತಿಗೆ ಪೂರ್ತಿ ಗಟ್ಟಿ ಆಹಾರಕ್ಕೆ ಬರಬೇಕು. ತೂಕ ತಿಂಗಳಿಗೆ ಸುಮಾರು 450 ಗ್ರಾಂನಂತೆ ಏರುತ್ತಿದ್ದರೆ ಚಿಂತೆ ಬೇಡ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರರವರೆಗೆ ಮೂರು, ನಂತರ ಎರಡು. ವರ್ಷ ತುಂಬುವವರೆಗೂ ಮರಿಗಳ ಆಹಾರವೇ ಇರಲಿ.

‘ಕಾಡಿನ ತಳಿ, ಹಸಿಮಾಂಸವೇ ಬೇಕು’ ಎನ್ನುವವರು ಇಲ್ಲಿ ಖಂಡಿತ ಬರುತ್ತಾರೆ. ಟಾಯ್ಗರ್‌ನ ಕರುಳಿಗೂ ಪಕ್ಕದ ಮನೆಯ ಬೆಕ್ಕಿನ ಕರುಳಿಗೂ ವ್ಯತ್ಯಾಸವಿಲ್ಲ. ಎಲ್ಲ ಬೆಕ್ಕುಗಳೂ ಮಾಂಸಾಹಾರಿಗಳೇ, ಎಲ್ಲಕ್ಕೂ ಟಾರಿನ್ ಎಂಬ ಪೋಷಕಾಂಶ ಬೇಕು. ಅದು ಕಡಿಮೆಯಾದರೆ ಹೃದಯವೂ ಕಣ್ಣೂ ಕೆಡುತ್ತವೆ. ಅಳತೆ ತಪ್ಪಿದ ಮನೆಯಡುಗೆಯಲ್ಲಿ, ಬರಿಯ ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲದೆ ಬೆಳೆಯುವ ಮೂಳೆ ಬಾಗುತ್ತದೆ. ಹಸಿಮಾಂಸದಿಂದ ಸಾಲ್ಮೊನೆಲ್ಲಾ, ಟಾಕ್ಸೊಪ್ಲಾಸ್ಮಾ ಸೋಂಕು ಬರುವುದು ಹಳೆಯ ಮಾತು. ಹಸಿ ಕೋಳಿಮಾಂಸದ ಆಹಾರದಿಂದ ಎಚ್5ಎನ್1 ಹಕ್ಕಿಜ್ವರ ತಗುಲಿ ಬೆಕ್ಕುಗಳು ಸತ್ತದ್ದು ಇತ್ತೀಚಿನದು. ಬೇಯಿಸಿದ, ಸಮತೋಲನದ ಆಹಾರವೇ ಕ್ಷೇಮ.

ಮಲಮೂತ್ರಕ್ಕೆಂದಿಡುವ ಲಿಟರ್ ಟ್ರೇಯನ್ನು ನಾಲ್ಕನೇ ವಾರದಲ್ಲಿ, ಅಂಚು ತಗ್ಗಿರುವುದನ್ನು ನೋಡಿ ಇಡಿ. ಈ ವಯಸ್ಸಿನ ಮರಿ ಕಂಡದ್ದನ್ನೆಲ್ಲ ಬಾಯಿಗಿಡುವುದರಿಂದ ಒದ್ದೆಯಾದರೆ ಗಂಟುಕಟ್ಟುವ ಲಿಟರ್ ಬೇಡ, ಮರದ ಗುಳಿಗೆಯಂತಹದು ಸಾಕು. ಊಟವಾದ ಕೂಡಲೇ ಟ್ರೇಯಲ್ಲಿ ಬಿಡಿ. ದೊಡ್ಡವಾದ ಮೇಲೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ.

ಹಂತ 8: ಜಂತು, ಲಸಿಕೆ, ನಿಲ್ಲದ ಭೇದಿ

ದುಂಡುಹುಳು ತಾಯಿಯ ಹಾಲಿನಿಂದಲೇ ಮರಿಗೆ ದಾಟುತ್ತದೆ. ಎರಡು ಮೂರನೇ ವಾರದಿಂದಲೇ ವೈದ್ಯರು ಹೇಳಿದ ಪ್ರಮಾಣದಲ್ಲಿ ಎರಡು ವಾರಕ್ಕೊಮ್ಮೆ ಔಷಧ ಕೊಡಬೇಕು, ತಾಯಿಗೂ ಸೇರಿ. ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಆರಂಭ: ಪ್ಯಾನ್‌ಲ್ಯುಕೊಪೀನಿಯಾ, ಹರ್ಪಿಸ್, ಕ್ಯಾಲಿಸಿ ಈ ಮೂರು ವೈರಸ್ ಸೋಂಕುಗಳಿಗೆ. ಮೂರು ನಾಲ್ಕು ವಾರಕ್ಕೊಮ್ಮೆ ಪುನರಾವರ್ತಿಸಿ, ಕೊನೆಯದು ಹದಿನಾರನೇ ವಾರ ಅಥವಾ ಅದರಾಚೆಗೆ ಬೀಳಬೇಕು. ತಾಯಿಯ ಪ್ರತಿಕಾಯಗಳು ಅಲ್ಲಿಯವರೆಗೂ ಉಳಿದು ಹಿಂದಿನ ಲಸಿಕೆಯನ್ನು ನಿಷ್ಫಲ ಮಾಡಿರಬಹುದು. ಮೂರು ಸೂಜಿ ಆಯಿತೆಂದು ಹನ್ನೆರಡನೇ ವಾರಕ್ಕೇ ನಿಲ್ಲಿಸುವವರು ಎಡವುವುದು ಇಲ್ಲೇ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಹನ್ನೆರಡನೇ ವಾರದ ನಂತರ.

ನಾಯಿಯ ಉಣ್ಣಿ, ಚಿಗಟಕ್ಕೆ ಬಳಸುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್ ಕೂಡ. ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ, ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಸೋಲಬಹುದು.

ಹಲವು ಬೆಕ್ಕುಗಳಿರುವ ಕಡೆಯಿಂದ ಬಂದ ಮರಿಗೆ ಲೋಳೆ, ಕೆಲವೊಮ್ಮೆ ರಕ್ತ ಬೆರೆತ, ಮೂಗು ಮುಚ್ಚುವಷ್ಟು ನಾರುವ ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಟ್ರೈಟ್ರೈಕೊಮೋನಾಸ್ ಎಂಬ ಏಕಕೋಶ ಜೀವಿಯನ್ನು ಅನುಮಾನಿಸಿ. ಮಾಮೂಲಿ ಜಂತಿನ ಔಷಧಕ್ಕೆ ಅದು ಜಗ್ಗುವುದಿಲ್ಲ. ಮಲದ ಪಿಸಿಆರ್ ಪರೀಕ್ಷೆ ಮಾಡಿಸಿರೆಂದು ನೀವೇ ಕೇಳಿ.

ಹಂತ 9: ಎತ್ತರ, ಬೇಟೆ, ನೀರು

ಎಂಟನೇ ವಾರ ದಾಟಿದ ಮೇಲೆ ಈ ಮರಿಗಳ ಶಕ್ತಿ ನೋಡಬೇಕು. ಪರದೆಯ ಮೇಲೆ, ಕಪಾಟಿನ ಮೇಲೆ, ನಿಮ್ಮ ಹೆಗಲ ಮೇಲೆ. ಬೆಂಗಾಲ್‌ಗಿಂತ ಟಾಯ್ಗರ್ ತುಸು ಸಮಾಧಾನಿ, ಅಷ್ಟೇ ವ್ಯತ್ಯಾಸ. ಅಲುಗಾಡದ ಕಂಬ, ಗೋಡೆಗೆ ಹೊಡೆದ ಮೆಟ್ಟಿಲಂತಹ ಹಲಗೆಗಳು, ಉಗುರು ಮಸೆಯಲು ಕತ್ತದ ಹಗ್ಗ ಸುತ್ತಿದ ದಿಮ್ಮಿ ಕೊಡಿ. ದಿಮ್ಮಿ ದೊಡ್ಡ ಬೆಕ್ಕು ಹಿಂಗಾಲ ಮೇಲೆ ನಿಂತು ಮೈಮುರಿಯುವಷ್ಟು ಎತ್ತರ ಇಲ್ಲದಿದ್ದರೆ ಸೋಫಾ ಸಿಗುತ್ತದೆ.

ಆಟದಲ್ಲಿ ಬೇಟೆಯ ಕ್ರಮ ಪಾಲಿಸಿ. ಕೋಲಿನ ತುದಿಯ ಗರಿಯನ್ನು ಮರಿಯ ಮುಖಕ್ಕೆ ಆಡಿಸದೆ, ಅದರಿಂದ ದೂರ ಓಡಿಸಿ, ಮರೆಯಲ್ಲಿ ನಿಲ್ಲಿಸಿ, ಮತ್ತೆ ಅಲುಗಿಸಿ. ಕೊನೆಯಲ್ಲಿ ಹಿಡಿಯಲು ಬಿಡಿ, ಕೂಡಲೇ ಊಟ ಹಾಕಿ. ಮುಂಜಾನೆ ಮತ್ತು ಮುಸ್ಸಂಜೆ ಹತ್ತು ಹದಿನೈದು ನಿಮಿಷ ಹೀಗೆ ದಣಿಸಿದರೆ ನಡುರಾತ್ರಿಯ ಓಟ ಬಹಳಷ್ಟು ತಗ್ಗುತ್ತದೆ. ದಾರ, ಗರಿಗಳನ್ನು ಆಟ ಮುಗಿದೊಡನೆ ಕಪಾಟಿಗೆ ಸೇರಿಸಿ. ನುಂಗಿದ ದಾರ ಕರುಳನ್ನು ನೆರಿಗೆಗಟ್ಟಿಸಿ ಹರಿಯುತ್ತದೆ.

ಬೆರಳನ್ನು ಆಟಿಕೆ ಮಾಡಬೇಡಿ. ಕಚ್ಚಿದರೆ ಕೈ ಎಳೆಯದೆ ಸಡಿಲ ಬಿಟ್ಟು, ಆಟ ನಿಲ್ಲಿಸಿ ಎದ್ದುಹೋಗಿ. ಬಡಿಯುವುದು, ಮೂಗಿಗೆ ಊದುವುದು ಐದನೇ ಹಂತದಲ್ಲಿ ಕಟ್ಟಿದ್ದನ್ನೆಲ್ಲ ಕೆಡಹುತ್ತದೆ. ಬೆಂಗಾಲ್ ವಂಶದವು ನೀರಿನಲ್ಲೂ ಆಡುತ್ತವೆ: ಅಗಲದ ತಟ್ಟೆಯಲ್ಲಿ ಎರಡು ಬೆರಳು ನೀರು, ಅದರಲ್ಲಿ ತೇಲುವ ಚೆಂಡು ಇಡಿ. ಕಮೋಡಿನ ಮುಚ್ಚಳ ಮಾತ್ರ ಸದಾ ಮುಚ್ಚಿರಲಿ.

ಹಂತ 10: ಹೊಸ ಮನೆಗೆ ಕಳುಹಿಸುವುದು

ಎಂಟನೇ ವಾರಕ್ಕೆ ಮರಿ ಮುದ್ದಾಗಿ ಕಾಣುತ್ತದೆ, ಕೊಳ್ಳುವವರೂ ಆಗಲೇ ಒತ್ತಾಯಿಸುತ್ತಾರೆ. ಒಪ್ಪಬೇಡಿ. ಸುಮಾರು 5,700 ಬೆಕ್ಕುಗಳ ಮಾಹಿತಿ ಕಲೆಹಾಕಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಕ್ಕೂ ಮೊದಲೇ ತಾಯಿಯಿಂದ ಬೇರ್ಪಟ್ಟವುಗಳಲ್ಲಿ ಆಕ್ರಮಣಶೀಲತೆ ಹೆಚ್ಚು ಕಂಡಿತು. ಹದಿನಾಲ್ಕು ವಾರದವರೆಗೆ ಕಾಯುವುದು ಒಳ್ಳೆಯದೆಂದು ಅವರ ಸಲಹೆ. ಕಚ್ಚುವ ಬಿಗಿ ಎಷ್ಟಿರಬೇಕೆಂದು ಮರಿ ಕಲಿಯುವುದು ಒಡಹುಟ್ಟಿದವುಗಳ ಚೀರಾಟದಿಂದ. ಹನ್ನೆರಡಕ್ಕಿಂತ ಮೊದಲು ಬೇಡ, ಹದಿನಾಲ್ಕಾದರೆ ಉತ್ತಮ.

ಮರಿಯ ಜೊತೆ ತಾಯಿಯ ವಾಸನೆಯ ಬಟ್ಟೆ, ತಿನ್ನುತ್ತಿದ್ದ ಆಹಾರ, ಬಳಸುತ್ತಿದ್ದ ಲಿಟರ್, ಲಸಿಕೆ ಪತ್ರ, ಹೆತ್ತವರ ಪರೀಕ್ಷಾ ವರದಿ, ಮೈಕ್ರೋಚಿಪ್ ಸಂಖ್ಯೆ ಹೋಗಲಿ. ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಒಂದೇ ಕೋಣೆ. ಹಳೆಯ ಬೆಕ್ಕಿದ್ದರೆ ಮೊದಲು ಬಟ್ಟೆ ಅದಲುಬದಲು ಮಾಡಿ ವಾಸನೆ ಪರಿಚಯ, ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಯಲ್ಲಿ ಊಟ, ಕೊನೆಗೆ ಮುಖಾಮುಖಿ. ಹೊರಗೆ ಒಂಟಿಯಾಗಿ ಬಿಡುವುದಂತೂ ಬೇಡ. ಕದಿಯುವವರ ಕಣ್ಣು ಒಂದೆಡೆ, ಹಕ್ಕಿಗಳ ಪಾಡು ಇನ್ನೊಂದೆಡೆ. ಎದೆಪಟ್ಟಿ ಹಾಕಿ ನಡೆಸುವುದನ್ನು ಈ ಮರಿಗಳು ಬೇಗ ಕಲಿಯುತ್ತವೆ.

ಹಂತ 11: ಯಾವುದು ತಳಿಗೆ, ಯಾವುದು ಮನೆಗೆ

ಹೆಣ್ಣು ಬೆಕ್ಕು ನಾಲ್ಕನೇ ತಿಂಗಳಿಗೇ ಬೆದೆಗೆ ಬರಬಹುದು. ಸಾಕಲು ಹೋಗುವ ಮರಿಗಳಿಗೆ ನಾಲ್ಕು ತಿಂಗಳ ಹೊತ್ತಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಗಂಡು ಮೂತ್ರ ಸಿಂಪಡಿಸುವ ಚಾಳಿ ಹಿಡಿಯುವ ಮೊದಲೇ ಆದರೆ ಮನೆಯವರ ನೆಮ್ಮದಿ ಉಳಿಯುತ್ತದೆ. ತಳಿಗೆಂದು ಇಟ್ಟುಕೊಳ್ಳುವ ಮರಿಯ ಆಯ್ಕೆಗೆ ಅವಸರ ಮಾಡಬೇಡಿ. ಮಂಕು ಕಳೆದು ಪಟ್ಟೆ ತಿಳಿಯಾಗಲಿ, ದುಂಡುಮುಖ ಉದ್ದವಾಗಿ ಮೈಕಟ್ಟು ಕಾಣಲಿ. ಆರು ತಿಂಗಳಿನಲ್ಲಿ ಅಪರಿಚಿತರೊಬ್ಬರನ್ನು ಕರೆದು ಕೋಣೆಯಲ್ಲಿ ಕೂರಿಸಿ. ಪಟ್ಟೆಯಲ್ಲಿ ಸೂಲಿಗೇ ಮೊದಲನೆಯದಾದ ಮರಿ ಕಪಾಟಿನ ಹಿಂದಿನಿಂದ ಹೊರಬರಲೇ ಇಲ್ಲವೆಂದರೆ ಅದಕ್ಕೂ ಸಂತಾನಹರಣ ಮಾಡಿಸಿ, ತಾಳ್ಮೆಯಿರುವ ಮನೆ ಹುಡುಕಿ. ಎರಡನೇ ದರ್ಜೆಯ ಪಟ್ಟೆಯದಾದರೂ ಬಂದವರ ಷೂ ಮೂಸಿ ಮಡಿಲೇರಿದ ಮರಿ ಸಿಕ್ಕರೆ, ವಂಶವಾಹಿ ವರದಿ ಮತ್ತು ಎಕೋ ಸ್ಕ್ಯಾನ್‌ಗೆ ಅದರ ಹೆಸರು ಬರೆಯಿಸಿ; ವರ್ಷ ತುಂಬಿ, ಎರಡೂ ವರದಿ ಕೈಸೇರಿದ ನಂತರ ಜೋಡಿ ಹುಡುಕಲು ಹೊರಡಬಹುದು.